ಮರಳಿ ಬಿಡಲಾಗದ ಮೀನು

ಗಾಳ ಹಾಕಿ ಕುಳಿತವನಿಗೆ ತಾಳ್ಮೆಯೇ ಬಂಡವಾಳವೆಂದು ಲೋಕ ನಂಬಿದೆ. ಬೆಳಗಿನಿಂದ ಸಂಜೆಯವರೆಗೆ ಹೊಳೆಯ ದಂಡೆಯಲ್ಲಿ ಕುಳಿತು, ಬಿಸಿಲಿಗೆ ಬೆಂದು, ಸೊಳ್ಳೆಗಳಿಗೆ ಧಾರಾಳವಾಗಿ ರಕ್ತದಾನ ಮಾಡಿ, ಕೊನೆಗೆ ಬರಿಯ ಬುಟ್ಟಿಯೊಡನೆ ಮನೆಗೆ ಮರಳಿ ಹೆಂಡತಿಯ ನಗೆಗೆ ಗುರಿಯಾಗುವ ಗೃಹಸ್ಥ ಎಲ್ಲ ದೇಶಗಳಲ್ಲಿಯೂ ಉಂಟು. ಈ ಬಡಪಾಯಿಯ ಮಾನ ಕಾಪಾಡಲು ಅಮೆರಿಕದ ಜನ ಒಂದು ಏರ್ಪಾಡು ಮಾಡಿಕೊಂಡಿದ್ದಾರೆ. ಅದೇ ಟ್ರೌಟ್ ಮೀನಿನ ಕೊಳ.

ಇಲ್ಲಿ ಮೀನನ್ನು ಮೊದಲೇ ತಂದು ತುಂಬಿರುತ್ತಾರೆ. ಗಾಳದ ಕೋಲು, ಎರೆ, ಬಕೆಟ್ಟು ಎಲ್ಲವೂ ಅಲ್ಲಿಯೇ ದೊರೆಯುತ್ತವೆ. ಕ್ಯಾಲಿಫೋರ್ನಿಯದ ಹೊಳೆ ಸರೋವರಗಳಲ್ಲಿ ಗಾಳ ಹಾಕಬೇಕಾದರೆ ೧೬ ವರ್ಷ ತುಂಬಿದವರು ಸರ್ಕಾರದ ಪರವಾನಗಿ ಪಡೆಯಬೇಕು. ಇಂಥ ಖಾಸಗಿ ಕೊಳಗಳಲ್ಲಿ ಸಾಮಾನ್ಯವಾಗಿ ಆ ಗೊಡವೆಯಿಲ್ಲ. ಬಂದವರು ಬರಿಗೈಯಲ್ಲಿ ಬರಬಹುದು. ಬರಿಗೈಯಲ್ಲಿ ಹಿಂದಿರುಗುವುದು ಮಾತ್ರ ಕಷ್ಟ! ಹಿಡಿದ ಮೀನನ್ನು ಅಳತೆಯ ಹಲಗೆಯ ಮೇಲೆ ಮಲಗಿಸಿ, ಮೂತಿಯಿಂದ ಬಾಲದವರೆಗೆ ಅಂಗುಲ ಎಣಿಸಿ ಬೆಲೆ ಕಟ್ಟುತ್ತಾರೆ. ಜವಳಿ ಅಂಗಡಿಯಲ್ಲಿ ರವಿಕೆ ಕಣ ಅಳೆಯುವಂತೆಯೇ ಸರಿ. ಕೆಲವು ಕಡೆ ತೂಕದ ಲೆಕ್ಕವೂ ಉಂಟು.

ಇಲ್ಲಿಯ ಮೀನು ಅಷ್ಟು ಸುಲಭವಾಗಿ ಗಾಳ ಕಚ್ಚುವುದಕ್ಕೆ ಕಾರಣವಿದೆ. ಅದು ಹುಟ್ಟಿದ್ದೂ ಬೆಳೆದದ್ದೂ ಮನುಷ್ಯನ ಕೈಯಲ್ಲಿ. ತುಂಬಿದ ಹೆಣ್ಣುಮೀನಿನ ಹೊಟ್ಟೆಯನ್ನು ಮೆಲ್ಲನೆ ಒತ್ತಿ ಮೊಟ್ಟೆ ತೆಗೆಯುತ್ತಾರೆ. ಅದಕ್ಕೆ ಗಂಡುಮೀನಿನ ವೀರ್ಯವನ್ನು ಬೆರೆಸಿ, ಹರಿಯುವ ತಣ್ಣೀರಿನ ತಟ್ಟೆಗಳಲ್ಲಿ ಹರಡುತ್ತಾರೆ. ನೀರು ೧೦ ಡಿಗ್ರಿ ಸೆಂಟಿಗ್ರೇಡಿನಷ್ಟು ತಣ್ಣಗಿದ್ದರೆ ಸುಮಾರು ಒಂದು ತಿಂಗಳಿಗೆ ಮರಿ ಹೊರಬರುತ್ತದೆ. ಆ ಮೇಲೆ ದಿನದಿನವೂ ದಂಡೆಯಿಂದ ಕಾಳಿನಂಥ ಆಹಾರ ಬೀಳುತ್ತದೆ. ದಂಡೆಯ ಮೇಲೆ ನೆರಳು ಕಂಡರೆ ಊಟ ಬಂತೆಂದೇ ಅದರ ತಿಳಿವಳಿಕೆ. ಹೊಳೆಯ ಮೀನು ಮನುಷ್ಯನ ನೆರಳಿಗೆ ಬೆದರಿ ಓಡುತ್ತದೆ. ಕೊಳದ ಮೀನು ಅದೇ ನೆರಳಿಗೆ ಬಾಯಿ ತೆರೆದುಕೊಂಡು ಬರುತ್ತದೆ.

ಕೊಳಗಳಲ್ಲಿ ಹೆಚ್ಚಾಗಿ ಕಾಣುವುದು, ಮೈಯುದ್ದಕ್ಕೂ ಗುಲಾಬಿ ಬಣ್ಣದ ಪಟ್ಟಿಯುಳ್ಳ ರೇನ್‌ಬೋ ಟ್ರೌಟ್. ಪೆಸಿಫಿಕ್ ಸಾಗರದ ಅಂಚಿನ ನದಿಗಳು ಇದರ ತವರು. ಕ್ಯಾಲಿಫೋರ್ನಿಯದ ಮೆಕ್ಲೌಡ್ ನದಿಯ ಬಳಿ ೧೮೭೨ರಲ್ಲಿ ಲಿವಿಂಗ್‌ಸ್ಟನ್ ಸ್ಟೋನ್ ಎಂಬಾತ ಅಮೆರಿಕ ಸರ್ಕಾರಕ್ಕಾಗಿ ಸಾಲ್ಮನ್ ಮೀನಿನ ಮೊಟ್ಟೆ ಸಂಗ್ರಹಿಸುವ ಕೇಂದ್ರವನ್ನು ತೆರೆದ. ೧೮೭೯ರಲ್ಲಿ ಅದೇ ನದಿಯಲ್ಲಿ ಟ್ರೌಟ್ ಮೊಟ್ಟೆಯ ಕೆಲಸವೂ ಮೊದಲಾಯಿತು. ಮುಂದೆ ಈ ಮೀನು ದೇಶ ದೇಶಗಳನ್ನು ಸುತ್ತಿತು. ನಮ್ಮ ನೆರೆಯ ನೀಲಗಿರಿಗೂ ಬಂತು. ಅಲ್ಲಿಯ ಅವಲಾಂಚಿಯಲ್ಲಿ ೧೯೦೭ರಲ್ಲಿ ಎಚ್. ಸಿ. ವಿಲ್ಸನ್‌ರ ಪ್ರಯತ್ನದಿಂದ ಇದರ ಮರಿಮನೆ ಸ್ಥಾಪನೆಯಾಯಿತು. ಆದರೆ ಬಿಸಿಲನಾಡು ಇದಕ್ಕೆ ಒಗ್ಗದು. ನೀರಿನ ಶಾಖ ೨೦ ಡಿಗ್ರಿ ದಾಟಿತೆಂದರೆ ಇದಕ್ಕೆ ಸಂಕಟ. ಆದುದರಿಂದಲೇ ಕ್ಯಾಲಿಫೋರ್ನಿಯದಲ್ಲಿಯೂ ಇಂಥ ಕೊಳಗಳನ್ನು ಹುಡುಕಿಕೊಂಡು ಜನ ತಂಪಾದ ಬೆಟ್ಟಗಳಿಗೆ ಹೋಗುತ್ತಾರೆ.

ರೆಡ್‌ವುಡ್ ಮರಗಳ ದಟ್ಟ ನೆರಳಿನ ಅಂಥ ಒಂದು ಕೊಳಕ್ಕೆ ಒಂದು ಭಾನುವಾರ ಕುಂದಾಪುರದ ಕಡೆಯ ಸಂಸಾರವೊಂದು ಹೊರಟಿತು. ತಂದೆ ಎಂಜಿನಿಯರು, ತಾಯಿಯೂ ಕೆಲಸದಲ್ಲಿದ್ದವರು. ಹನ್ನೆರಡು ವರ್ಷದ ಮಗ, ಎಂಟು ವರ್ಷದ ಮಗಳು. ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅಜ್ಜಿಯೂ ಜೊತೆಗಿದ್ದರು. ಗಂಗೊಳ್ಳಿಯಿಂದ ಬುಟ್ಟಿಯಲ್ಲಿ ಬರುವ ಬಂಗುಡೆಯ ಕಿವಿರನ್ನೆತ್ತಿ, ಕೆಂಪು ನೋಡಿ, ಕಣ್ಣಿನ ಹೊಳಪು ನೋಡಿ, ಬೆಲೆಯಲ್ಲಿ ಚೌಕಾಸಿ ಮಾಡಿ ಕೊಂಡು ಜೀವನ ಸವೆಸಿದವರು ಅವರು. ಕೊಳದಲ್ಲಿ ಗಿಜಿಗುಟ್ಟುವ ಮೀನನ್ನು ನೋಡಿ ಅವರಿಗೆ ನಗು ಬಂತು.

"ಎಂಥದು ಮಗಾ, ಇದು ಗಾಳ ಹಾಕುವ ಜಾಗವೋ, ಮೀನಿನ ಅಂಗಡಿಯೋ?"

"ಎರಡೂ ಹೌದು, ಅಮ್ಮ," ಎಂದು ಮಗ ನಕ್ಕ.

ಹುಡುಗ ಗಾಳ ಇಳಿಸಿ ಒಂದು ನಿಮಿಷವೂ ಆಗಿರಲಿಲ್ಲ. ಕೋಲು ಬಾಗಿತು, ನೀರು ಚಿಮ್ಮಿತು, ಹನ್ನೆರಡು ಅಂಗುಲದ ಮೀನು ದಂಡೆಗೆ ಬಂತು. ತಂದೆ ಸಂಭ್ರಮದಿಂದ ಚಿತ್ರ ತೆಗೆದರು. ಎರಡನೆಯದು ಬಂದಾಗಲೂ ತೆಗೆದರು. ಮೂರನೆಯದಕ್ಕೆ ಬರಿಯ "ಭೇಷ್" ಎಂದರು. ನಾಲ್ಕನೆಯದು ಬಂದಾಗ ಅವರ ಮುಖದಲ್ಲಿ ಅಂಗುಲದ ಲೆಕ್ಕ ನಡೆಯುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. "ಇನ್ನು ತಂಗಿಗೆ ಕೊಡು," ಎಂದು ತಾಯಿ ಉಪಾಯ ಹುಡುಕಿದರು.

ಪುಟ್ಟ ಹುಡುಗಿಗೆ ಗಾಳದ ಮೇಲೆ ಮನಸ್ಸಿರಲಿಲ್ಲ. ಹಿಂದಿನ ವರ್ಷ ರಜೆಗೆ ಊರಿಗೆ ಹೋಗಿದ್ದಾಗ ಅವಳು ಶೃಂಗೇರಿ ನೋಡಿದ್ದಳು. ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮಂಡಕ್ಕಿ ಎರಚಿದ್ದಳು. ಅಲ್ಲಿಯ ಮೀನನ್ನು ಯಾರೂ ಹಿಡಿಯುವಂತಿಲ್ಲ. ಮಕ್ಕಳ ಅಂಗೈಯ ಹತ್ತಿರಕ್ಕೇ ಅವು ಬರುತ್ತವೆ. "ಅಜ್ಜಿ, ಇಲ್ಲೂ ಸ್ವಲ್ಪ ಊಟ ಹಾಕಲಾ?" ಎಂದು ಕೇಳಿದಳು. ತಂದೆ ಒಂದು ಹಿಡಿ ಕಾಳು ತಂದುಕೊಟ್ಟರು. ಅವಳು ಎರಚಿದಳು. ಕೊಳದ ಮೀನೆಲ್ಲ ಅವಳ ಕಾಲ ಬುಡಕ್ಕೆ ಬಂದು ಬಾಯಿ ತೆರೆದವು. ಥೇಟು ತುಂಗೆಯ ಮೀನುಗಳಂತೆ! ಹುಡುಗಿ ಕೇಕೆ ಹಾಕಿ ನಕ್ಕಳು.

ಅಣ್ಣನಿಗೆ ಅದೊಂದು ಒಳ್ಳೆಯ ಅವಕಾಶವೆನಿಸಿತು. ಎರೆ ಸಿಕ್ಕಿಸಿದ ಗಾಳವನ್ನು ಅದೇ ಗುಂಪಿನ ನಡುವೆ ಇಳಿಸಿ ಕೋಲನ್ನು ತಂಗಿಯ ಕೈಗೆ ಕೊಟ್ಟ. ಏನಾಯಿತೆಂದು ಅವಳಿಗೆ ತಿಳಿಯುವ ಮೊದಲೇ ಮೀನು ಮೇಲೆ ಬಂದು ಹುಲ್ಲಿನಲ್ಲಿ ಹೊರಳಾಡುತ್ತಿತ್ತು.

"ಬಿಡಿ ಅಪ್ಪ, ಬಿಟ್ಟುಬಿಡಿ ಅದನ್ನ!" ಎಂದು ಹುಡುಗಿ ಕೂಗಿಕೊಂಡಳು.

ಕೊಳದ ಕೆಲಸಗಾರ ಹತ್ತಿರ ಬಂದು, ಬಾಗಿಲಲ್ಲಿದ್ದ ಫಲಕವನ್ನು ತೋರಿಸಿದ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡಕೂಡದು ಎಂದು ಅದರಲ್ಲಿ ಬರೆದಿತ್ತು. ತಂದೆ, ಅದರ ಬೆಲೆಯನ್ನು ಕೊಟ್ಟೇ ಬಿಡುತ್ತೇವೆ, ನೀರಿಗೆ ಹಾಕೋಣವೆಂದರು. ಆತ ಸೌಮ್ಯವಾಗಿಯೇ ತಲೆಯಾಡಿಸಿದ. ಹಣದ ಮಾತಲ್ಲ, ಮೀನು ಗಾಳವನ್ನು ಒಳಕ್ಕೆ ನುಂಗಿದೆ. ಹುಲ್ಲಿನಲ್ಲಿ ಹೊರಳಿ, ಒಣಕೈಗೆ ಸಿಕ್ಕಿ, ಮೈಮೇಲಿನ ಲೋಳೆ ಹೋಗಿದೆ. ರೋಗ ತಗಲದಂತೆ ಅದನ್ನು ಕಾಯುವುದು ಆ ಲೋಳೆಯೇ. ಈಗ ನೀರಿಗೆ ಬಿಟ್ಟರೆ ಈಜಿಹೋದಂತೆ ಕಾಣುತ್ತದೆ. ನೋಡಿದವರ ಮನಸ್ಸಿಗೆ ಸಮಾಧಾನವಾಗುತ್ತದೆ. ಆಮೇಲೆ ಅದು ತಳದಲ್ಲಿ ಸತ್ತುಬಿದ್ದು ಉಳಿದ ಮೀನಿಗೂ ಕೇಡು ತರುತ್ತದೆ.

ಹುಡುಗಿಗೆ ಈ ವಿವರಣೆಯೆಲ್ಲ ಕೇಳಿಸಿತೋ ಇಲ್ಲವೋ. "ನಾನು ಊಟ ಹಾಕ್ತೇನೆ ಅಂತ ಬಂತು ಅದು," ಎಂದು ಬಿಕ್ಕಿದಳು.

ಯಾರಿಗೂ ಉತ್ತರ ಹೊಳೆಯಲಿಲ್ಲ. ತಿನ್ನುವುದಕ್ಕೆಂದೇ ಬೆಳೆಸಿದ ಮೀನೆಂದು ತಂದೆ ಹೇಳಬಹುದಾಗಿತ್ತು. ಅದು ನಿಜವೂ ಹೌದು. ಐಸ್‌ಕ್ರೀಮು ಕೊಡಿಸುವೆನೆಂದು ತಾಯಿ ರಮಿಸಬಹುದಾಗಿತ್ತು. ಇಬ್ಬರೂ ಸುಮ್ಮನಿದ್ದರು. ಅಜ್ಜಿ ಮೊಮ್ಮಗಳನ್ನು ಹತ್ತಿರಕ್ಕೆಳೆದುಕೊಂಡರು.

"ಹೌದು ಮಗಾ, ನಿನ್ನನ್ನು ನಂಬಿಯೇ ಬಂತು. ಸುಳ್ಳು ಹೇಳಿ ಏನು ಪ್ರಯೋಜನ? ಬಂದದ್ದನ್ನು ಹಾಳುಮಾಡಬಾರದು, ಅಷ್ಟೇ ಇನ್ನು ನಮ್ಮ ಕೈಯಲ್ಲಿರುವುದು." ಬಳಿಕ ಮೊಮ್ಮಗನ ಕಡೆ ತಿರುಗಿದರು. "ನೀನು ಇನ್ನು ಗಾಳ ಎತ್ತು."

"ದೊಡ್ಡದು ಒಂದೂ ಸಿಗಲಿಲ್ಲ ಅಜ್ಜಿ, ಇನ್ನೊಂದೇ ಒಂದು..."

"ಹೊಟ್ಟೆ ಐದು, ಮೀನು ಐದು. ಲೆಕ್ಕ ಮುಗಿಯಿತು. ಅಷ್ಟು ದೊಡ್ಡ ಕಡಲೇ ನಮ್ಮ ಊರಲ್ಲಿ ಮಳೆಗಾಲಕ್ಕೆ ಬಾಗಿಲು ಹಾಕುತ್ತದೆ. ಬೇಕಾದಾಗ ಬೇಕಾದಷ್ಟು ಎಂದರೆ ಅಲ್ಲಿಯೂ ನಡೆಯುವುದಿಲ್ಲ."

ಅಜ್ಜಿಯ ಮಾತು ಕರಾವಳಿಯ ಮಕ್ಕಳಿಗೆ ಗೊತ್ತಿರುವುದೇ. ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಕರ್ನಾಟಕದ ಕಡಲಿನಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮೊಟ್ಟೆಯಿಟ್ಟು ಸಂತಾನ ಬೆಳೆಸಲೆಂದು ಬಿಟ್ಟ ಕಾಲ ಅದು. ಸರ್ಕಾರದ ಆಜ್ಞೆಗೆ ಮುಂಚೆಯೂ ಮಳೆಗಾಲದ ಅಬ್ಬರದ ಕಡಲು ತಾನೇ ದೋಣಿಗಳನ್ನು ದಡದಲ್ಲಿ ನಿಲ್ಲಿಸುತ್ತಿತ್ತು.

ಕೊಳದವರು ಐದು ಮೀನನ್ನೂ ಅಳೆದು, ಹೊಟ್ಟೆ ಸೀಳಿ ತೊಳೆದು, ಮಂಜುಗಡ್ಡೆಯ ಚೀಲದಲ್ಲಿಟ್ಟುಕೊಟ್ಟರು. ಅಜ್ಜಿ ಮೊಮ್ಮಗನನ್ನು ಆ ಮೇಜಿನ ಮುಂದೆ ನಿಲ್ಲಿಸಿಕೊಂಡು ಎಲ್ಲವನ್ನೂ ನೋಡಿಸಿದರು. ಹಿಡಿಯುವಾಗ ಅಷ್ಟು ಗದ್ದಲ ಮಾಡಿದ್ದ ಹುಡುಗ ಅಲ್ಲಿ ಬಾಯಿ ಬಿಡಲಿಲ್ಲ. ಹುಡುಗಿಯನ್ನು ಅತ್ತ ಯಾರೂ ಕರೆಯಲಿಲ್ಲ.

ಸಂಜೆ ಬ್ಯಾಡಗಿ ಮೆಣಸು, ಹುಣಿಸೆಹುಳಿಯ ಮಸಾಲೆ ಮೆತ್ತಿಸಿಕೊಂಡು ಐದೂ ಮೀನು ಕಾವಲಿಗೆ ಬಿದ್ದವು. ಹುಡುಗಿ ಮೊಸರನ್ನ ಕೇಳಿದಳು. ತಾಯಿ ಒಂದು ಮಾತೂ ಆಡದೆ ಬಡಿಸಿದರು. ಹುಡುಗ ತನ್ನ ಪಾಲಿನ ಮೀನನ್ನು ಮುಳ್ಳು ಮಾತ್ರ ಉಳಿಯುವಂತೆ ತಿಂದ. ಹುಡುಗಿಯ ಮೀನನ್ನು ಅಜ್ಜಿ ಎರಡು ಮಾಡಿ, ಅರ್ಧವನ್ನು ಮಗನ ತಟ್ಟೆಗೆ ಹಾಕಿ, ಅರ್ಧವನ್ನು ತಾವೇ ತಿಂದರು. "ನಮ್ಮ ಕಾಣೆಯ ರುಚಿ ಇಲ್ಲ," ಎಂದು ತೀರ್ಪುಕೊಟ್ಟರೂ ತಟ್ಟೆಯಲ್ಲಿ ಏನೂ ಬಿಡಲಿಲ್ಲ.

ನುರಿತ ಗಾಳಗಾರರು ಇಂಥ ಕೊಳಗಳನ್ನು ಕಂಡು ಮೂಗು ಮುರಿಯುತ್ತಾರೆ. ಜಾಣ್ಮೆಯಿಲ್ಲ, ಕಾಯುವುದಿಲ್ಲ, ಇದೇನು ಬೇಟೆ ಎಂಬುದು ಅವರ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ. ಆದರೆ ಪೇಟೆಯ ಅಂಗಡಿಯಲ್ಲಿ ಮೀನು ತಲೆಯಿಲ್ಲದೆ, ಬಾಲವಿಲ್ಲದೆ, ಹೊಳೆಯುವ ಕಾಗದ ಸುತ್ತಿಕೊಂಡು ಕುಳಿತಿರುತ್ತದೆ. ಅದು ಒಮ್ಮೆ ಯಾವುದೋ ಕೈಯನ್ನು ನಂಬಿ ಬಂದಿತ್ತೆಂಬುದು ಕೊಳ್ಳುವವನಿಗೆ ತಿಳಿಯುವ ಸಂಭವವೇ ಇಲ್ಲ. ಎಳೆಯ ಮಗುವಿಗೆ ಅದು ತಿಳಿದದ್ದು ಕೊಳದ ದಂಡೆಯಲ್ಲಿ. ತಿಳಿದ ಮೇಲೆ ತಿನ್ನುವವರು ತಿನ್ನಲಿ, ಬಿಡುವವರು ಬಿಡಲಿ. ಒಂದೇ ಮನೆಯಲ್ಲಿ ಎರಡಕ್ಕೂ ಎಡೆಯಿದ್ದರೆ ತಪ್ಪೇನು?

ಫಲಕದ ನಿಯಮ ಮಾತ್ರ ಇಬ್ಬರಿಗೂ ಒಂದೇ. ನೀರಿನಿಂದ ಬಂದ ಮೀನು ಮರಳಿ ಹೋಗದು. ಬೆಲೆ ತೆತ್ತರೂ ಹೋಗದು. ಮಕ್ಕಳೊಡನೆ ಅಂಥ ಕೊಳಕ್ಕೆ ಹೊರಡುವ ಗೃಹಸ್ಥರು ಬುತ್ತಿಯ ಜೊತೆಗೆ ಎಣಿಕೆಯನ್ನೂ ಮನೆಯಲ್ಲಿಯೇ ಕಟ್ಟಿಕೊಂಡು ಹೋಗುವುದು ಮೇಲು. ಗಾಳ ನೀರಿಗಿಳಿದ ಮೇಲೆ ಎಣಿಸತೊಡಗಿದರೆ ಲೆಕ್ಕ ಯಾವಾಗಲೂ ಒಂದು ಮೀನಿನಷ್ಟು ತಡವಾಗುತ್ತದೆ.