ಏಳು ದಿನ ಮನೇಲಿಟ್ಟು ನೋಡಿ

1/7
ಫೋಟೋದಲ್ಲಿ ಟಾಟಾ ಏಸ್ ಹಿಂದೆ ಹಗ್ಗ ಕಟ್ಟಿಸ್ಕೊಂಡು ಕೂತಿದೆಯಲ್ಲ, ಆ ಕುರ್ಚಿ ನಮ್ಮ ಅಂಗಡಿಯಿಂದ ಎರಡು ಸಲ ಹೋಗಿದೆ, ಒಂದು ಸಲ ವಾಪಸ್ ಬಂದಿದೆ. ಮಧ್ಯದಲ್ಲಿ ನಾನು ಫೋನಲ್ಲಿ ಒಬ್ಬರಿಗೆ ಒಂದು ಮಾತು ಹೇಳಿದೆ. ಅದನ್ನ ಬರೀಬೇಕು ಅಂತಾನೇ ಈ ಸೀರೀಸ್. ಉದ್ದ ಇದೆ, ಬಸ್ಸಲ್ಲಿ ಓದ್ಕೊಳ್ಳಿ.

ಹೊಸಬರಿಗೆ: ನಮ್ಮಪ್ಪಂದು ತಿಪಟೂರಿನಲ್ಲಿ ಫರ್ನಿಚರ್ ಅಂಗಡಿ. ಮುಂದೆ ಎರಡು ಶಟರ್, ಹಿಂದೆ ಶೆಡ್ಡು, ಶೆಡ್ಡಲ್ಲಿ ಇಬ್ಬರು ಬಡಗಿಗಳು. ನಾನು ಕಾಲೇಜು ಮುಗಿಸ್ಕೊಂಡು ಬಂದು ಸಂಜೆ ಗಲ್ಲಾದಲ್ಲಿ ಕೂರ್ತೀನಿ. ಬಿಕಾಂ ಓದ್ತಿರೋ ಮಗಳು ಮನೇಲಿದ್ರೆ ಅಕೌಂಟೆಂಟ್ ಸಂಬಳ ಉಳೀತು ಅಂತ ಲೆಕ್ಕ.

ಅಪ್ಪನಿಗೆ ಮೊದಲಿಂದ ಒಂದು ಅಭ್ಯಾಸ. ಗಿರಾಕಿ ಮಂಚದ ಮುಂದೆ ನಿಂತು ಹತ್ತು ನಿಮಿಷ ಯೋಚನೆ ಮಾಡಿದ್ರೆ ಸಾಕು, "ತಗೊಂಡೋಗಿ ಮನೇಲಿ ಹಾಕ್ನೋಡಿ ಸ್ವಾಮಿ. ಬ್ಯಾಡ ಅನ್ಸಿದ್ರೆ ಒಂದು ಫೋನ್ ಮಾಡಿ, ಗಾಡಿ ಕಳಿಸ್ತೀನಿ" ಅಂತಾರೆ. ಅಡ್ವಾನ್ಸ್ ಕೊಟ್ರೆ ಇಸ್ಕೊಳ್ತಾರೆ, ಕೊಡದಿದ್ರೆ ಕೇಳಲ್ಲ. ಚೀಟಿ ಇಲ್ಲ, ಸಹಿ ಇಲ್ಲ. ಹಳೇ ಡೈರಿಯಲ್ಲಿ "ಸ್ಟೇಷನ್ ಹತ್ರ ಮೇಷ್ಟ್ರು, ದಿವಾನ್ 1" ಅಂತ ಒಂದು ಸಾಲು. ಅಷ್ಟೇ ನಮ್ಮ ಡಾಕ್ಯುಮೆಂಟ್!

2/7
ಇದನ್ನ ಪೆದ್ದತನ ಅಂತ ನಗಬೇಡಿ. ನಾನೂ ನಗ್ತಿದ್ದೆ. ಆಮೇಲೆ ನಿಂತು ನೋಡಿದಾಗ ಗೊತ್ತಾಯ್ತು.

ಅಂಗಡಿಯಲ್ಲಿ ಜಾಗ ಜಾಸ್ತಿ, ಅಲ್ಲಿ ಆರು ಅಡಿ ಸೋಫಾ ಸಣ್ಣದಾಗಿ ಕಾಣುತ್ತೆ. ಅದೇ ಸೋಫಾ ಮನೆ ಹಾಲಿಗೆ ಹೋದ್ರೆ ಫ್ರಿಜ್ ಬಾಗಿಲು ಅರ್ಧ ಮಾತ್ರ ತೆಗೆಯೋಕಾಗುತ್ತೆ. ಬೀರು ಅಳತೆ ಸರಿಯಾಗೇ ಇರುತ್ತೆ, ಆದ್ರೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಾಕೊಂಡು ಮೇಲೂ ಹೋಗಲ್ಲ ಕೆಳಗೂ ಇಳಿಯಲ್ಲ. ನಮ್ಮ ಟ್ಯೂಬ್‌ಲೈಟ್ ಕೆಳಗೆ ಜೇನಿನ ಬಣ್ಣ ಅನ್ಸಿದ ಪಾಲಿಶ್ ಅವರ ಹಸಿರು ಗೋಡೆ ಪಕ್ಕ ಮಂಕಾಗುತ್ತೆ. ಇನ್ನು ಡೈನಿಂಗ್ ಕುರ್ಚಿ ಮೇಲೂ ಚಕ್ಕಳಮಕ್ಕಳ ಹಾಕ್ಕೊಂಡೇ ಊಟ ಮಾಡೋ ತಾತಂದಿರು ಇರ್ತಾರೆ, ಅವರಿಗೆ ಸೀಟು ಅಗಲ ಬೇಕು. ಅಂಗಡಿಗೆ ಬಂದಾಗ ಅವರು ಹಾಗೆ ಕೂರಲ್ಲ. ಸಂಕೋಚ. ಕಾಲು ಕೆಳಗಿಟ್ಟು ಎರಡು ನಿಮಿಷ ಕೂತು "ಚೆನ್ನಾಗೈತೆ" ಅಂತ ಎದ್ದುಬಿಡ್ತಾರೆ.

ಐಕಿಯಾ 2017ರಲ್ಲೇ ಫೋನ್ ಕ್ಯಾಮೆರಾದಲ್ಲಿ ಸೋಫಾನ ನಿಮ್ಮ ರೂಮಲ್ಲಿ ಇಟ್ಟು ತೋರಿಸೋ ಆ್ಯಪ್ ಬಿಡ್ತು. ಅಳತೆ, ಬಣ್ಣ ಗೊತ್ತಾಗುತ್ತೆ. ಆದ್ರೆ ಸ್ಕ್ರೀನಲ್ಲಿರೋ ಸೋಫಾ ಮೇಲೆ ಕೂರೋಕಾಗಲ್ವಲ್ಲ. ಬೆಂಗಳೂರಿನ ವೇಕ್‌ಫಿಟ್ ಥರದ ಹಾಸಿಗೆ ಕಂಪನಿಗಳು 100 ರಾತ್ರಿ ಟ್ರಯಲ್ ಕೊಟ್ಟಿದ್ದು ಅದಕ್ಕೇ ಇರ್ಬೇಕು. ಹಾಸಿಗೆ ಹೇಗಿದೆ ಅಂತ ಮಲಗಿದ ಮೈಗೇ ಗೊತ್ತಾಗ್ಬೇಕು.

ಇದರಲ್ಲಿ ವ್ಯಾಪಾರದ ಬುದ್ಧಿಯೂ ಇದೆ. 1990ರಲ್ಲಿ ಕಾಹ್ನೆಮನ್, ನೆಟ್ಷ್, ಥೇಲರ್ ಅನ್ನೋ ಮೂವರು ಒಂದು ಪ್ರಯೋಗದ ಬಗ್ಗೆ ಬರೆದ್ರು. ಕೆಲವು ವಿದ್ಯಾರ್ಥಿಗಳ ಕೈಗೆ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರ್ತೀರ ಅಂತ ಕೇಳಿದ್ರು. ಮಗ್ ಸಿಗದವರು ಕೊಡೋಕೆ ರೆಡಿ ಇದ್ದ ದುಡ್ಡಿನ ಸುಮಾರು ಎರಡರಷ್ಟು ಇವರು ಕೇಳಿದ್ರಂತೆ. ಕೈಗೆ ಬಂದದ್ದನ್ನ ಬಿಡೋಕೆ ಮನಸ್ಸಾಗಲ್ಲ. ಅಪ್ಪ ಎಸ್ಸೆಸ್ಸೆಲ್ಸಿ. ಅವರು ಹೇಳೋದು ಇಷ್ಟೇ: "ಹೊಸ್ಲು ದಾಟಿದ ಸಾಮಾನು ವಾಪಸ್ ಬರಾದು ಕಮ್ಮಿ ಕಣಮ್ಮ."

3/7
ಕಮ್ಮಿ ಅಂದ್ರೆ ಬರೋದೇ ಇಲ್ಲ ಅಂತಲ್ಲ.

ಹೋದ ವರ್ಷ ಆಷಾಢ ಪೂರ್ತಿ ಅಂಗಡಿಗೆ ನೊಣ ಕೂಡ ಬರಲಿಲ್ಲ. ಶ್ರಾವಣ ಶುರುವಾಯ್ತು, ಒಂದು ಮನೆಯವರು ಬಂದು 38,000 ರೂಪಾಯಿಯ ಸೋಫಾ ಸೆಟ್ ನೋಡಿದ್ರು. ಅಪ್ಪ ಎಂದಿನ ಹಾಗೆ "ಹಾಕ್ನೋಡಿ" ಅಂದ್ರು. ಹನ್ನೆರಡು ದಿನ ಆದ್ಮೇಲೆ ಫೋನು: "ನಮ್ಮನೆಯೋರಿಗೆ ಕಲರ್ ಹಿಡಿಸ್ಲಿಲ್ಲ."

ಸೆಟ್ ವಾಪಸ್ ಬಂತು. ಮಧ್ಯದ ಸೀಟಲ್ಲಿ ಕುಂಕುಮದ ಕಲೆ. ಕೈಪಿಡಿ ಸಂದಿಯಲ್ಲಿ ಬಬಲ್‌ಗಮ್. ಒಂದು ಮೂಲೆಯಲ್ಲಿ ಚೆಂಡುಹೂವಿನ ಎಸಳು. ಅದೇ ವಾರ ನನ್ನ ಕ್ಲಾಸ್‌ಮೇಟ್ ಒಬ್ಬಳ ಸ್ಟೇಟಸ್‌ನಲ್ಲಿ (ಅವಳಿಗೆ ಗೊತ್ತಿಲ್ಲ, ಪಾಪ) ಒಂದು ನಿಶ್ಚಿತಾರ್ಥದ ಫೋಟೋ. ಹುಡುಗ, ಹುಡುಗಿ, ಮಧ್ಯೆ ಹಣ್ಣಿನ ತಟ್ಟೆ. ಕೂತಿರೋದು ನಮ್ಮ ಸೋಫಾ ಮೇಲೆ.

ನನಗೆ ಮೈಯೆಲ್ಲ ಉರಿದು ಹೋಯ್ತು. ಶಾಮಿಯಾನದವರ ಹತ್ರ ಬಾಡಿಗೆಗೆ ತಂದಿದ್ರೂ ದುಡ್ಡು ಕೊಡ್ಬೇಕಿತ್ತು! ಫೋಟೋ ಅಪ್ಪನಿಗೆ ತೋರಿಸಿದೆ. ಅಪ್ಪ ಝೂಮ್ ಮಾಡಿ ನೋಡಿ, "ಹುಡ್ಗಿ ಚೆನ್ನಾಗವ್ಳೆ" ಅಂದ್ರು.

ಕ್ಲೀನ್ ಮಾಡಿಸಿ, ಒಂದು ಸೀಟಿನ ಬಟ್ಟೆ ಬದಲಾಯಿಸಿ, ದಸರಾ ಆಫರಲ್ಲಿ 31,000ಕ್ಕೆ ಕೊಟ್ವಿ. ದೊಡ್ಡ ಕಂಪನಿಗೆ ಇಂಥದ್ದು ಬಂದ್ರೆ ಆ ನಷ್ಟ ಸಾವಿರಾರು ಗಿರಾಕಿಗಳ ರೇಟಲ್ಲಿ ಹಂಚಿ ಹೋಗುತ್ತೆ. ನಮ್ಮಲ್ಲಿ ಹಂಚೋಕೆ ಯಾರಿದ್ದಾರೆ? ಆ ತಿಂಗಳು ಬಡಗಿಗಳ ಸಂಬಳ ಕೊಟ್ಟಿದ್ದು ಅಮ್ಮನ ಚೀಟಿ ದುಡ್ಡಲ್ಲಿ.

4/7
ಸರಿಯಾಗಿ ಅದೇ ಸೆಮ್‌ನಲ್ಲಿ ಬಿಸಿನೆಸ್ ಲಾ ಇತ್ತು. ಸೇಲ್ ಆಫ್ ಗೂಡ್ಸ್ ಆ್ಯಕ್ಟ್ 1930, ಸೆಕ್ಷನ್ 24. ನೀವೆಲ್ಲ ಮಾರ್ಕ್ಸ್‌ಗೆ ಓದಿದ್ರಿ, ನಾನು ಸೇಡಿಗೆ ಓದಿದೆ.

ಅದರಲ್ಲಿರೋದು ಇಷ್ಟು. ಒಪ್ಪಿಗೆಯಾದ್ರೆ ಇಟ್ಕೊಳ್ಳಿ, ಇಲ್ಲದಿದ್ರೆ ವಾಪಸ್ ಕೊಡಿ ಅಂತ ಕಳಿಸಿದ ಸಾಮಾನು ಯಾವಾಗ ಗಿರಾಕಿಯದ್ದಾಗುತ್ತೆ? ಅವರು "ಒಪ್ಪಿದೀನಿ" ಅಂದಾಗ. ಅಥವಾ ಕೊಂಡುಕೊಂಡವರ ಹಾಗೆ ಏನಾದ್ರೂ ನಡ್ಕೊಂಡಾಗ. ಅಥವಾ ಬೇಡ ಅಂತ ತಿಳಿಸದೆ ಇಟ್ಕೊಂಡು ಗೊತ್ತುಮಾಡಿದ ದಿನ ದಾಟಿದಾಗ. ದಿನಾನೇ ಗೊತ್ತುಮಾಡಿಲ್ಲ ಅಂದ್ರೆ "ರೀಸನಬಲ್ ಟೈಮ್" ಮುಗಿದಾಗ. ಅಲ್ಲಿವರೆಗೂ ಒಡೆತನ ಮಾರೋನದ್ದೇ, ಬೇರೆ ಮಾತಾಗಿಲ್ಲದಿದ್ರೆ ರಿಸ್ಕೂ ಮಾರೋನದ್ದೇ.

1880ರ ಇಂಗ್ಲೆಂಡಿನ ಎಲ್ಫಿಕ್ ವರ್ಸಸ್ ಬಾರ್ನ್ಸ್ ಕೇಸ್ ನೆನಪಿದೆಯಾ? ಎಂಟು ದಿನದ ಟ್ರಯಲ್‌ಗೆ ಕೊಟ್ಟ ಕುದುರೆ ಮೂರನೇ ದಿನಕ್ಕೆ ಸತ್ತುಹೋಗುತ್ತೆ, ತಗೊಂಡವನ ತಪ್ಪೇನೂ ಇಲ್ಲ. ನಷ್ಟ ಕುದುರೆ ಮಾಲೀಕನಿಗೆ. ಕ್ಲಾಸಲ್ಲಿ ಎಲ್ಲರೂ ನಕ್ಕರು. ನನಗೆ ನಮ್ಮಪ್ಪನೇ ಆ ಕುದುರೆ ಮಾಲೀಕ ಅನ್ಸಿತು.

ಮೇಡಂ ಹತ್ರ ಹೋಗಿ, ಸೋಫಾದಲ್ಲಿ ನಿಶ್ಚಿತಾರ್ಥ ಮಾಡಿದ್ರೆ ಅದು "ಕೊಂಡವರ ಹಾಗೆ ನಡ್ಕೊಂಡಿದ್ದು" ಆಗುತ್ತಾ ಅಂತ ಕೇಳಿದೆ. ನಕ್ಕು, "ವಾದ ಮಾಡಬಹುದು" ಅಂದ್ರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಕೋರ್ಟಿಗೋಗಿ ಸೋಫಾ ಗೆದ್ದು ಊರು ಕಳ್ಕೊಳ್ಳಾದಾ? ಅವ್ರ ನೆಂಟ್ರೇ ಎಷ್ಟು ಜನ ಅವ್ರೆ ಈ ಊರಲ್ಲಿ" ಅಂದ್ರು.

ಆದ್ರೂ ಹಟ ಬಿಡಲಿಲ್ಲ. 50 ಹಾಳೆಯ ಎರಡು ಪುಸ್ತಕ ಪ್ರಿಂಟ್ ಹಾಕಿಸಿದೆ. ಬಿಲ್ ಅಲ್ಲ, ಡೆಲಿವರಿ ಚಲನ್. (ಟ್ಯಾಕ್ಸ್ ಓದ್ತಿರೋರಿಗೆ: ಅಪ್ರೂವಲ್ ಮೇಲೆ ಕಳಿಸಿದ ಸಾಮಾನಿಗೆ ಜಿಎಸ್‌ಟಿ ಇನ್‌ವಾಯ್ಸ್ ಮಾರಾಟ ಆದಾಗ, ಇಲ್ಲಾಂದ್ರೆ ಕಳಿಸಿ ಆರು ತಿಂಗಳಾದಾಗ, ಯಾವುದು ಮೊದಲೋ ಆಗ. ಸೆಕ್ಷನ್ 31(7).) ಕೆಳಗೆ ದಪ್ಪ ಅಕ್ಷರದಲ್ಲಿ: "7 ದಿನದೊಳಗೆ ತಿಳಿಸದಿದ್ದಲ್ಲಿ ಖರೀದಿಸಿದಂತೆ." ಅದರ ಕೆಳಗೆ ಸಹಿ. ಅಪ್ಪ ಪುಸ್ತಕ ತಿರುವಿ ಹಾಕಿ, "ಮನೆಗೆ ಬಂದೋರಿಗೆ ಊಟ ಬಡ್ಸಿ ಎಷ್ಟೊತ್ತಿಗೆ ಹೋಗ್ತೀರ ಅಂದಂಗೈತೆ" ಅಂದ್ರು. ಬೇಡ ಅನ್ನಲಿಲ್ಲ.

5/7
ಈಗ ಕುರ್ಚಿ.

ಅಕ್ಟೋಬರಲ್ಲಿ ಒಬ್ಬರು ಬಂದ್ರು, ನಲವತ್ತರ ಆಸುಪಾಸು. ಅವರ ಅಮ್ಮನಿಗೆ ಎರಡು ದಿನ ಬಿಟ್ಟು ತುಮಕೂರಿನಲ್ಲಿ ಮಂಡಿ ಆಪರೇಷನ್. ಮನೇಲಿರೋದು ಮೆತ್ತನೆ ಸೋಫಾ, ಅದರಲ್ಲಿ ಕೂತ್ರೆ ಏಳೋಕಾಗಲ್ಲ, ಗಟ್ಟಿ ಸೀಟು, ಎರಡೂ ಕಡೆ ಕೈ ಇರೋ ಕುರ್ಚಿ ಬೇಕು ಅಂದ್ರು. ಹಲಸಿನ ಮರದ್ದು ಒಂದಿತ್ತು. ಸೀಟು ನೆಲದಿಂದ 17 ಇಂಚು. 6,800 ರೂಪಾಯಿ.

ಅಪ್ಪ ಮರದ ಲೋಡ್ ನೋಡೋಕೆ ಹೋಗಿದ್ರು. ನಾನೇ ಚಲನ್ ಬರೆದೆ, ನಾನೇ ಸಹಿ ಮಾಡಿಸ್ಕೊಂಡೆ. ಸಹಿ ಹಾಕ್ತಾ ಅವರು, "ಅಮ್ಮ ಆಸ್ಪತ್ರೆಯಿಂದ ಬಂದ್ಮೇಲೆ ಕೂರ್ಸಿ ನೋಡ್ತೀನಮ್ಮ" ಅಂದ್ರು. ನಾನು ಕೇಳಿಸ್ಕೊಂಡೆ. ಇದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ಆಮೇಲೆ ಅಪ್ಪನ ಹತ್ರ ಗೊತ್ತಿರಲಿಲ್ಲ ಅಂತ ಸುಳ್ಳು ಹೇಳೋಕೆ ನೋಡಿದ್ದೆ.

ಹದಿಮೂರನೇ ದಿನ ಅವರ ಫೋನ್ ಬಂತು. ಶುಗರ್ ಜಾಸ್ತಿ ಇತ್ತು ಅಂತ ಆಪರೇಷನ್ ಐದು ದಿನ ಮುಂದೆ ಹೋಗಿತ್ತಂತೆ. ಅಮ್ಮ ಹಿಂದಿನ ಸಂಜೆ ತಾನೇ ಮನೆಗೆ ಬಂದಿದ್ದಾರೆ. ಕುರ್ಚಿ ತಗ್ಗಾಗಿದೆ, ಇಬ್ಬರು ಹಿಡಿದು ಎಬ್ಬಿಸ್ಬೇಕು. "ಗಾಡಿ ಕಳಿಸ್ತೀರಾ?"

ನಾನಂದೆ: "ಸರ್, ಚೀಟಿ ನೋಡಿ. ಏಳು ದಿನ ಅಂತ ನೀವೇ ಸೈನ್ ಮಾಡಿದೀರ. ದಿನ ಮುಗಿದ್ಮೇಲೆ ಕಾನೂನು ಪ್ರಕಾರ ಕುರ್ಚಿ ನಿಮ್ಮದೇ."

ಜಗಳ ಆಡ್ತಾರೆ ಅಂತ ಉತ್ತರ ರೆಡಿ ಮಾಡ್ಕೊಂಡಿದ್ದೆ. ಆಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು ತಾಯಿ" ಅಂತ ಫೋನಿಟ್ರು. ಹತ್ತು ನಿಮಿಷಕ್ಕೆ ಗಲ್ಲಾ ಮೇಲಿನ ಸ್ಪೀಕರ್ ಡಬ್ಬಿ ಜೋರಾಗಿ ಕೂಗ್ತು, ಆರು ಸಾವಿರದ ಎಂಟುನೂರು ರೂಪಾಯಿ ಬಂದಿದೆ ಅಂತ.

6/7
ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಪುಸ್ತಕ ಕೆಲಸ ಮಾಡ್ತು ನೋಡು ಅನ್ನೋ ಧಾಟಿಯಲ್ಲೇ.

ಅಪ್ಪ ಮುದ್ದೆ ಮುರೀತಾ ಕೇಳಿದ್ರು: "ಏಳು ದಿನ ಯಾತಕ್ಕೆ ಕೊಟ್ಟಿದ್ದು?"
"ನೋಡೋಕೆ."
"ನೋಡಿದ್ರಾ ಅವ್ರು?"

ಅಮ್ಮ ಸಾರು ಬಡಿಸೋದು ನಿಲ್ಲಿಸಿದ್ರು. ಆಗ್ಲೇ ನಾನು ಗೊತ್ತಿರಲಿಲ್ಲ ಅಂತ ಶುರುಮಾಡಿದ್ದು. ಅರ್ಧಕ್ಕೆ ನಿಂತೋಯ್ತು.

ಸೆಕ್ಷನ್ 24ರಲ್ಲಿ ನಾನು ಹೇಳಿದ್ದು ತಪ್ಪಿರಲಿಲ್ಲ, ಈಗ್ಲೂ ಹೇಳ್ತೀನಿ. ದಿನ ಗೊತ್ತುಮಾಡೋಕೆ ಮಾರೋನಿಗೆ ಹಕ್ಕಿದೆ. ಆದ್ರೆ ಕೂರಬೇಕಾದ ಮನುಷ್ಯೆ ಆಸ್ಪತ್ರೆ ಹಾಸಿಗೆ ಮೇಲಿದ್ದ ದಿನಗಳನ್ನ ನಾನು ಟ್ರಯಲ್ ಅಂತ ಎಣಿಸಿದ್ದೆ. ಸೋಫಾದವರ ಮೇಲಿನ ಸಿಟ್ಟನ್ನ ಇವರ ಲೆಕ್ಕಕ್ಕೆ ಬರೆದಿದ್ದೆ.

ಬೆಳಿಗ್ಗೆ ಅಪ್ಪ ಗಾಡಿ ತಗೊಂಡು ಹೋಗಿ ಕುರ್ಚಿ ತಂದ್ರು, ಜೊತೆಗೆ ಅವರ ಅಮ್ಮ ಮಂಚದ ಮೇಲೆ ಕೂತಾಗಿನ ಅಳತೆ. 20 ಇಂಚು ಬೇಕು. ಕಾಲಿನ ಕೆಳಗೆ ಮರದ ತುಂಡು ಅಂಟಿಸಿದ್ರೆ ಸಾಕಲ್ವಾ ಅಂದೆ. ಕೈ ಊರಿ ಏಳೋವಾಗ ಕುರ್ಚಿ ಅಲುಗಾಡಿದ್ರೆ ಬಿದ್ದೋಗ್ತಾರೆ ಅಂತ ಬಡಗಿ ಅಣ್ಣ ಬೈದು, ನಾಲ್ಕೂ ಕಾಲು ಹೊಸದಾಗಿ ಮಾಡಿ, ಅಡಿಗೆ ರಬ್ಬರ್ ಬುಶ್ ಹಾಕಿದ್ರು. ಎರಡು ದಿನ ಆಯ್ತು. ಕೂಲಿ, ಮರ, ಗಾಡಿ ಬಾಡಿಗೆ ಎಲ್ಲ ಕಳೆದು ನೋಡಿದ್ರೆ ಕುರ್ಚಿಯಲ್ಲಿ ಉಳಿದ ಲಾಭ 210 ರೂಪಾಯಿ. ಅಪ್ಪ ಒಂದು ಪೈಸೆ ಜಾಸ್ತಿ ಕೇಳಲಿಲ್ಲ. ಮೇಲಿನ ಫೋಟೋ ಅವತ್ತಿಂದು. "ನೀನೂ ಹತ್ತು" ಅಂದ್ರು, ಹತ್ತಿದೆ.

ಆ ಮನೆ ಹಾಲಲ್ಲಿ ವಾಕರ್, ಮಾತ್ರೆ ಡಬ್ಬಿ, ಗೋಡೆಗೆ ಒರಗಿಸಿದ ಮೆತ್ತನೆ ಸೋಫಾ. ಅಜ್ಜಿ ಕುರ್ಚಿಯಲ್ಲಿ ಕೂತ್ರು. ಎರಡೂ ಕೈ ಊರಿದ್ರು. ಮೊದಲ ಸಲ ಅರ್ಧಕ್ಕೆ ಎದ್ದು ಮತ್ತೆ ಕೂತ್ಬಿಟ್ರು. ಮಗ ಹಿಡಿಯೋಕೆ ಹೋದ್ರೆ "ಬಿಡಪ್ಪ" ಅಂದ್ರು. ಎರಡನೇ ಸಲ ಎದ್ದು ನಿಂತು ವಾಕರ್ ಹಿಡ್ಕೊಂಡ್ರು.

ಆಮೇಲೆ ನನ್ನ ನೋಡಿ, "ಫೋನಲ್ಲಿ ಮಾತಾಡಿದ್ದು ನೀನೇನವ್ವ?" ಅಂದ್ರು.
"ಹೂಂ ಅಜ್ಜಿ."
"ಕಾಫಿ ಕುಡೀತೀಯಾ?"

ಕುಡಿದೆ. ಸಕ್ಕರೆ ಜಾಸ್ತಿ ಇತ್ತು. ಸಾರಿ ಕೇಳ್ಬೇಕು ಅಂತ ಹೋಗಿದ್ದೆ, ಲೋಟ ಕೆಳಗಿಡೋವರೆಗೂ ಬಾಯಿಗೆ ಬರಲಿಲ್ಲ. ಗಾಡಿ ಹತ್ತೋವಾಗ ಅವರ ಮಗನಿಗೆ ಹೇಳಿದೆ. "ಇರ್ಲಿ ಬಿಡಮ್ಮ" ಅಂದ್ರು.

7/7
ಪುಸ್ತಕ ಬಿಸಾಕ್ತೀನಿ ಅಂದೆ. ಆಶ್ಚರ್ಯ ಏನಂದ್ರೆ ಅಪ್ಪ ಬೇಡ ಅಂದ್ರು. "7" ಅಂತ ಪ್ರಿಂಟಾಗಿದ್ದ ಕಡೆ ಪ್ರತಿ ಹಾಳೆಯಲ್ಲೂ ಪೆನ್ನಲ್ಲಿ ಹೊಡೆದು ಖಾಲಿ ಬಿಡಿಸಿದ್ರು. ಈಗ ಗಿರಾಕಿಯನ್ನೇ ಕೇಳ್ತೀವಿ: ಯಾರು ಬಳಸೋದು, ಅವರು ಮನೇಲಿದಾರಾ, ಎಷ್ಟು ದಿನ ಬೇಕು. ಅವರು ಹೇಳಿದ ತಾರೀಕೇ ಬರೀತೀವಿ. ದಿನ ಮುಗಿಯೋ ಹಿಂದಿನ ಸಂಜೆ ನಾನು ಫೋನ್ ಮಾಡ್ತೀನಿ. ಸೋಫಾ ಸೆಟ್‌ಗೆ ಮಾತ್ರ ಕಾಲು ಭಾಗ ಅಡ್ವಾನ್ಸ್. ಅದು ನನ್ನ ಹಟ, ಅದನ್ನ ಬಿಡಲ್ಲ. ನಿಶ್ಚಿತಾರ್ಥದವರನ್ನ ನಾನಿನ್ನೂ ಕ್ಷಮಿಸಿಲ್ಲ, ಅಪ್ಪ ಮದುವೆಗೆ ಹೋಗಿ ಮುಯ್ಯಿ ಮಾಡಿ ಬಂದ್ರು!

ಮಾರ್ಚ್ 31ಕ್ಕೆ ಸ್ಟಾಕ್ ಬರೆಯೋವಾಗ "ಗಿರಾಕಿಗಳ ಮನೆಯಲ್ಲಿರುವ ಸರಕು" ಅಂತ ಬೇರೆ ಸಾಲು ಹಾಕಿದೆ. ಕಾಸ್ಟ್ ಅಥವಾ ಮಾರ್ಕೆಟ್ ಪ್ರೈಸ್, ಯಾವುದು ಕಮ್ಮಿಯೋ ಅದಕ್ಕೆ. ಎರಡು ಮಂಚ, ಒಂದು ಓದೋ ಟೇಬಲ್. ಅಪ್ಪ ಕನ್ನಡಕ ಹಾಕ್ಕೊಂಡು ಓದಿ, "ಇಷ್ಟು ದಿನ ಇದು ನನ್ ತಲೇಲಿತ್ತು" ಅಂದ್ರು.

ಸದ್ಯಕ್ಕೆ ಪುಟ 14 ಬಾಕಿ. ದಿವಾನ್ ಒಂದು, ತಾರೀಕು ಶನಿವಾರ. ನಾಳೆ ಸಂಜೆ ಫೋನ್ ಮಾಡ್ಬೇಕು. ಅವರ ಮನೆ ಬಾಗಿಲು ಎರಡೂವರೆ ಅಡಿ ಅಂತೆ, ಒಳಗೆ ಹೋಯ್ತೋ ಇಲ್ವೋ ಗೊತ್ತಿಲ್ಲ.