ಪೋಸ್ಟ್‌ಕಾರ್ಡ್ ಹಾಕದ ಮೂರು ವರ್ಷ

ಡೆಟ್ರಾಯಿಟ್ ಬದಿಗೆ ಬಂದ ಮೊದಲ ಚಳಿಗಾಲದಲ್ಲಿ ನಾವಿಬ್ಬರೂ ಕೋಟು ಕೊಂಡದ್ದು ಕೆಮಾರ್ಟಿನಲ್ಲಿ. ಆ ಅಂಗಡಿಗಳ ಮೂಲಪುರುಷ ಸೆಬಾಸ್ಟಿಯನ್ ಕ್ರೆಸ್ಗಿ 1924ರಲ್ಲೇ 16 ಲಕ್ಷ ಡಾಲರ್ ತೆಗೆದಿಟ್ಟು ಒಂದು ಪ್ರತಿಷ್ಠಾನ ಕಟ್ಟಿದ್ದನೆಂಬುದು, ಅದರ ಕಚೇರಿ ನಾವು ಓಡಾಡುವ ಟ್ರಾಯ್‌ನಲ್ಲೇ ಇದೆಯೆಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಬೆಳಗಿನ ಕಾರ್ನ್‌ಫ್ಲೇಕ್ಸಿನ ಕೆಲಾಗ್ ಕೂಡ 1930ರಲ್ಲಿ ಇಂಥದೇ ಒಂದನ್ನು ಬ್ಯಾಟಲ್ ಕ್ರೀಕ್‌ನಲ್ಲಿ ಸ್ಥಾಪಿಸಿದ. ಖಾಸಗಿ ಪ್ರತಿಷ್ಠಾನಗಳು ವರ್ಷಕ್ಕೆ ಆಸ್ತಿಯ ಸುಮಾರು ಶೇ. 5ರಷ್ಟನ್ನು ಸತ್ಕಾರ್ಯಕ್ಕೆ ವಿನಿಯೋಗಿಸಲೇಬೇಕೆಂದು ಕಾನೂನೇ ಇದೆ. ಆದರೆ ನಮ್ಮವರು ಅರ್ಜಿ ಹಾಕುವ ಜನವಲ್ಲ. ಪಾಟ್‌ಲಕ್ ಮಾಡುತ್ತೇವೆ, ರ‍್ಯಾಫಲ್ ಟಿಕೆಟ್ ಮಾರುತ್ತೇವೆ, ಕೊರತೆ ಬಿದ್ದರೆ ನಾಲ್ಕು ಜನ ಡಾಕ್ಟರುಗಳಿಗೆ ಫೋನ್ ಮಾಡುತ್ತೇವೆ. "ಕಂಡವರ ಮುಂದೆ ಕೈ ಚಾಚೋದ್ಯಾಕೆ ಸ್ವಾಮಿ?" ಎಂಬುದು ಕಮಿಟಿಯ ಹಿರಿಯರ ಮಾತು. ನಮ್ಮದೂ ಅದೇ ಆಗಿತ್ತು.

2011ರ ಯುಗಾದಿಯಂದು ಹೈಸ್ಕೂಲಿನ ಊಟದ ಹಾಲಿನ ಮೂಲೆಯಲ್ಲಿ ಎರಡು ಮೇಜು ಹಾಕಿ ಬಿ.ಪಿ., ಸಕ್ಕರೆ ನೋಡುವ ಏರ್ಪಾಡು ಮಾಡಿದ್ದೆವು. ಒಬ್ಬಟ್ಟು ತಿನ್ನಿಸಿ ಸಕ್ಕರೆ ಪರೀಕ್ಷೆಯೇ ಎಂದು ನಕ್ಕವರೇ ಹೆಚ್ಚು. ಊರಿನಿಂದ ಮಗನ ಮನೆಗೆ ಬಂದಿದ್ದ ಒಬ್ಬ ತಾಯಿಯ ಬಿ.ಪಿ. ನೋಡಿ ನಮ್ಮ ಡಾಕ್ಟರು ಮಾತಾಡದೆ ಮತ್ತೊಮ್ಮೆ ತೋಳಿಗೆ ಪಟ್ಟಿ ಸುತ್ತಿದರು. ಆಗಲೂ 200ರ ಮೇಲೆಯೇ. ವಿಚಾರಿಸಿದರೆ, ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಾರೆ! "ಆರು ತಿಂಗಳಿಗೆ ಆಗೋಷ್ಟು ತಂದಿದ್ದೆ ಕಣಮ್ಮಾ. ಸೊಸೆಗೆ ಹೆರಿಗೆ ಆಯ್ತು, ಇನ್ನೂ ಸ್ವಲ್ಪ ದಿನ ಇರು ಅಂದ್ರು. ಇಲ್ಲಿ ಡಾಕ್ಟರ ಹತ್ರ ಹೋದ್ರೆ ಎಷ್ಟು ದುಡ್ಡೋ ಏನೋ. ಅವನಿಗೆ ಹೇಳಬೇಡಿ" ಎಂದು ಕೈ ಹಿಡಿದುಕೊಂಡರು. ನಾವು ಹೇಳಿಬಿಟ್ಟೆವು.

ಸಂದರ್ಶಕರಾಗಿ ಬಂದವರಿಗೆ ಮೆಡಿಕೇರ್ ಇಲ್ಲ. ಗ್ರೀನ್ ಕಾರ್ಡ್ ಇದ್ದು 65 ದಾಟಿದವರೂ ಸಾಮಾನ್ಯವಾಗಿ ಐದು ವರ್ಷ ಸತತವಾಗಿ ಇಲ್ಲಿ ವಾಸಿಸಿರಬೇಕು. ಅವರಿಗಾಗಿ ತಿಂಗಳಿಗೊಮ್ಮೆ ತಪಾಸಣೆ ನಡೆಸಲು ನರ್ಸು, ಕೋಣೆ, ಸಾಮಗ್ರಿ ಎಲ್ಲ ಬೇಕು. ರ‍್ಯಾಫಲ್ ದುಡ್ಡಿನಲ್ಲಿ ಆಗುವ ಕೆಲಸವಲ್ಲ. ಕಡೆಗೂ ನಾಚಿಕೆ ಬಿಟ್ಟು ಅನುದಾನದ ಅರ್ಜಿ ಬರೆಯಲು ಕೂತೆವು. ಯಾರಿಗಾಗಿ ಈ ಕಾರ್ಯಕ್ರಮ, ಅವರೆಷ್ಟು ಜನ ಎಂಬ ಮೊದಲ ಪ್ರಶ್ನೆಗೇ ತಬ್ಬಿಬ್ಬು! ಕೂಟದ ಡೈರೆಕ್ಟರಿಯಲ್ಲಿ ಮಕ್ಕಳ ಹೆಸರು, ವಯಸ್ಸು ಎಲ್ಲ ಇತ್ತು. ಅಜ್ಜ-ಅಜ್ಜಿಯರದು ಒಬ್ಬರದೂ ಇರಲಿಲ್ಲ. ಮನೆಮನೆಗೆ ಫೋನ್ ಮಾಡಿ ಪಟ್ಟಿ ಮಾಡಿದೆವು. ಎರಡು ಹಾಳೆ ತುಂಬಿತು. ಚಿಕಾಗೊದ ಗೆಳೆಯರು 'ಮಸಾಲಾ' ಅಧ್ಯಯನದ ವಿವರ ಕಳಿಸಿಕೊಟ್ಟರು. ದೋಸೆಯದಲ್ಲ! ದಕ್ಷಿಣ ಏಷ್ಯಾದವರಿಗೆ ಹೃದ್ರೋಗ ಏಕೆ ಹೆಚ್ಚೆಂದು ಕಂಡುಕೊಳ್ಳಲು ನಾರ್ತ್‌ವೆಸ್ಟರ್ನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯಗಳು ಸರ್ಕಾರದ ಅನುದಾನದಿಂದ 2010ರಲ್ಲಿ ಆರಂಭಿಸಿದ್ದು. 2013ರ ಹೊತ್ತಿಗೆ 906 ಜನ ಅದಕ್ಕೆ ಸೇರಿದ್ದರು.

ಅರ್ಜಿ ಹೋದ ಕೆಲವು ವಾರಕ್ಕೆ ಫೋನ್ ಬಂತು. "ನಿಮ್ಮ ಸಂಸ್ಥೆಯ ತೆರಿಗೆ ವಿನಾಯಿತಿ ರದ್ದಾಗಿದೆಯಲ್ಲ?" 2006ರ ಕಾನೂನಿನಂತೆ ಸಣ್ಣ ಸಂಘಗಳೂ ವರ್ಷಕ್ಕೊಮ್ಮೆ ಐ.ಆರ್.ಎಸ್.ಗೆ 990-ಎನ್ ಎಂಬ ಇ-ಪೋಸ್ಟ್‌ಕಾರ್ಡ್ ಕಳಿಸಬೇಕು. ಹೆಸರು, ವಿಳಾಸ ಎಂದು ಎಂಟೇ ವಿವರ. ಸತತ ಮೂರು ವರ್ಷ ತಪ್ಪಿಸಿದರೆ ವಿನಾಯಿತಿ ತಾನಾಗಿಯೇ ರದ್ದು. 2011ರ ಜೂನ್‌ನಲ್ಲಿ ಹಾಗೆ ರದ್ದಾದ ಸುಮಾರು 2,75,000 ಸಂಸ್ಥೆಗಳ ಪಟ್ಟಿ ಹೊರಬಿತ್ತು. ಅದರಲ್ಲಿ ನಮ್ಮ ಕೂಟವೂ ಒಂದು. ಯಾರನ್ನು ದೂರುವುದು? ಆ ಮೂರು ವರ್ಷಗಳಲ್ಲಿ ಒಂದು ವರ್ಷ ಲೆಕ್ಕಪತ್ರ ನೋಡಿಕೊಂಡವರು ನಾವೇ.

ಮಾನ್ಯತೆ ಮರಳಿ ಪಡೆಯುವಷ್ಟರಲ್ಲಿ ಒಂದು ವರ್ಷ ಕಳೆಯಿತು. ಅಷ್ಟರಲ್ಲಿ ಒಂದು ಆರೋಗ್ಯ ಸಂಸ್ಥೆ ತನ್ನ ಹೆಸರಿನಲ್ಲಿ ಹಣ ಪಡೆದು ನಮ್ಮ ತಪಾಸಣೆಗೆ ಒದಗಿಸಲು ಒಪ್ಪಿತು. ಇದಕ್ಕೆ ಕಾನೂನಿನಲ್ಲಿ ಅವಕಾಶವಿದೆಯೆಂಬುದೂ ನಮಗೆ ಹೊಸದು. ಕೇಳಿದ್ದರ ಅರ್ಧ ಸಿಕ್ಕಿತು, ನರ್ಸಿಗೆ ಸಾಕಾಯಿತು.

ಆ ತಾಯಿ ಊರಿಗೆ ಮರಳಿದರು. ಅವರ ಮಗನೇ ಮುಂದೆ ಖಜಾಂಚಿಯಾಗಿ, ಮೇ 15ರ ಗಡುವಿಗೆ ಕಾಯದೆ ಜನವರಿಯಲ್ಲೇ ಪೋಸ್ಟ್‌ಕಾರ್ಡ್ ಕಳಿಸುವ ರೂಢಿ ಹಾಕಿದರು. ಸದಸ್ಯತ್ವದ ಫಾರಂನಲ್ಲಿ ಈಗ 'ಮನೆಯಲ್ಲಿರುವ ಹಿರಿಯರು' ಎಂಬ ಸಾಲಿದೆ. ದಯವಿಟ್ಟು ಖಾಲಿ ಬಿಡಬೇಡಿ.