‘ಬೇಡ’ ಎನ್ನಲು ಒಂದು ಚಿತ್ರ

ಮಕ್ಕಳ ಕೈಗೆ ಮೊಬೈಲು, ಟ್ಯಾಬು ಕೊಟ್ಟರೆ ಓದು ಕೆಡುತ್ತದೆ ಎಂದು ಪೋಷಕರ ಸಭೆಯಲ್ಲಿ ಹೇಳುವ ಮೇಡಂಗಳಲ್ಲಿ ನಾನೂ ಒಬ್ಬಳು. ಈಗಲೂ ಹೇಳುತ್ತೇನೆ. ಆದರೆ ನನ್ನ ಮೂರನೇ ತರಗತಿಗೆ ಒಂದು ಟ್ಯಾಬು ಮಾತ್ರ ಪಾಟಿಚೀಲದ ಜೊತೆಗೇ ದಿನವೂ ಬರುತ್ತಿತ್ತು. ಅದರ ಒಡೆಯ ಆಟಿಸಂ ಇರುವ ಹುಡುಗ. ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು. ಬಾಯಿಂದ ಮಾತು ಹೊರಡುತ್ತಿರಲಿಲ್ಲ.

ಆ ಟ್ಯಾಬಿನ ತುಂಬ ಸಾಲು ಸಾಲು ಚಿತ್ರಗಳು. ಲೋಟದ ಚಿತ್ರ ಮುಟ್ಟಿದರೆ ಅದು ‘ನೀರು’ ಎನ್ನುತ್ತದೆ. ‘ನನಗೆ’, ‘ನೀರು’, ‘ಬೇಕು’ ಎಂದು ಒಂದಾದ ಮೇಲೊಂದು ಮುಟ್ಟಿದರೆ ವಾಕ್ಯವೇ ಸಿದ್ಧ. ಚೆನ್ನೈನಲ್ಲಿ ರೂಪುಗೊಂಡ ‘ಆವಾಜ್’, ಮುಂಬಯಿ ಐಐಟಿಯ ‘ಜೆಲ್ಲೊ’ ಇಂಥವೇ. ಉಪಾಯವೇನೂ ಹೊಸದಲ್ಲ. ಚಿತ್ರದ ಚೀಟಿ ಕೊಟ್ಟು ಬೇಕಾದ್ದನ್ನು ಕೇಳುವುದನ್ನು ಇಂಥ ಮಕ್ಕಳಿಗೆ ಕಲಿಸುವ ಪದ್ಧತಿ ಅಮೆರಿಕದಲ್ಲಿ 1985ರಲ್ಲೇ ಶುರುವಾಗಿತ್ತು. ಟ್ಯಾಬು ಆ ಚೀಟಿಗೆ ದನಿ ಕೊಟ್ಟಿದೆ, ಅಷ್ಟೆ.

ಅವನ ತಾಯಿಗೆ ಒಂದು ಅಳುಕಿತ್ತು. “ಇದೇ ರೂಢಿಯಾದ್ರೆ ಇವನು ಬಾಯೇ ಬಿಡೋದಿಲ್ವೇನೋ ಮೇಡಂ?” ಯಾವ ತಾಯಿಗಾದರೂ ಬರುವ ಭಯವೇ. ಮಾತಿಗೆ ನೆರವಾಗುವ ಇಂಥ ವಿಧಾನಗಳನ್ನು ಬಳಸಿದ 27 ಮಂದಿಯ ವಿವರಗಳನ್ನು ಪರಿಶೀಲಿಸಿದ ಸಂಶೋಧನಾ ವರದಿಯೊಂದು 2006ರಲ್ಲಿ ಪ್ರಕಟವಾಯಿತು. ಒಬ್ಬರ ಮಾತೂ ಕುಗ್ಗಿರಲಿಲ್ಲ. ಹೆಚ್ಚಿನವರಲ್ಲಿ ತುಸು ಬೆಳೆದಿತ್ತು.

ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೆಯೇ ಸಂಗತಿ. ಟ್ಯಾಬಿನಲ್ಲಿ ಮೊದಲು ಇದ್ದ ಮಾತುಗಳೆಲ್ಲ ದೊಡ್ಡವರಿಗೆ ಅನುಕೂಲವಾದವು: ‘ನೀರು’, ‘ಊಟ’, ‘ನಮಸ್ತೆ ಮೇಡಂ’. ‘ಬೇಡ’, ‘ಸಾಕು’, ‘ಗಲಾಟೆ’ ಎಂಬುವನ್ನು ಸೇರಿಸಿಕೊಟ್ಟವಳು ಆರನೇ ತರಗತಿಯಲ್ಲಿದ್ದ ಅವನ ಅಕ್ಕ. ಮಕ್ಕಳೆಲ್ಲ ಒಟ್ಟಿಗೆ ಮಗ್ಗಿ ಕೂಗುವಾಗ ಅವನು ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ತೂರುತ್ತಿದ್ದ. ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಏಳರ ಮಗ್ಗಿಯ ನಡುವೆ ಟ್ಯಾಬು ಹೇಳಿತು: “ಗಲಾಟೆ. ಸಾಕು.” ತರಗತಿ ಗಪ್‌ಚಿಪ್. ಮರುದಿನ ಹಿಂದಿನ ಬೆಂಚಿನವನೊಬ್ಬ ತಾನಾಗಿಯೇ, “ಮೆಲ್ಲಗೆ ಹೇಳ್ರೋ, ಅವನಿಗೆ ಆಗಲ್ಲ” ಎಂದ. ನಾನು ವಿವರಿಸಬೇಕಾಗಲೇ ಇಲ್ಲ.

ಟ್ಯಾಬಿನ ದನಿಯಿಂದ ಪಾಠಕ್ಕೆ ತೊಂದರೆ ಎಂದವರಿದ್ದರು. ತಂಟೆ ಮಾಡಿದಾಗ ಅದನ್ನು ಕಿತ್ತಿಡಿ ಎಂಬ ಸಲಹೆಯೂ ಬಂತು. ಉಳಿದ ಮಕ್ಕಳು ತಂಟೆ ಮಾಡಿದರೆ ಬಾಯಿಗೆ ಬಟ್ಟೆ ತುರುಕುತ್ತೇವೆಯೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಸಂವಹನ ಎಂದರೇನು ಎಂದು ಹೇಳುವಾಗ ಇಂಥ ಪರ್ಯಾಯ ವಿಧಾನಗಳನ್ನೂ ಹೆಸರಿಸಿದೆ.

ಪೋಷಕರೇ, ನಿಮ್ಮ ಮಗುವಿಗೆ ಇಂಥ ಟ್ಯಾಬು ಕೊಡಿಸಿದ್ದರೆ ಅದರಲ್ಲಿ ‘ಬೇಡ’ ಇದೆಯೇ ನೋಡಿ. ಚಾರ್ಜು ಮುಗಿದ ದಿನಕ್ಕೆ ಅವೇ ಚಿತ್ರಗಳ ಹಾಳೆಯೊಂದು ಚೀಲದಲ್ಲಿರಲಿ. ಮಕ್ಕಳೇ, ನಿಮ್ಮ ಪಕ್ಕದಲ್ಲಿ ಇಂಥ ಗೆಳೆಯನಿದ್ದರೆ ಅವನ ಪರವಾಗಿ ನೀವೇ ಉತ್ತರ ಹೇಳಿಬಿಡಬೇಡಿ. ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ. ಉತ್ತರ ‘ಬೇಡ’ ಎಂದೇ ಬರಬಹುದು. ಅದೂ ಉತ್ತರವೇ.